ಸೋಲಾರ್ ಪ್ಲೇಟು ಎಲ್ಲಿ ಇಟ್ಟರು, ದುಡ್ಡು ಹೇಗೆ ಹೊಂದಿಸಿದರು

ನಮ್ಮ ತಂಡದ ಗೆಳತಿಯೊಬ್ಬಳ ಅಜ್ಜಿಮನೆ ಶಿರಸಿ ಹತ್ತಿರ ಇದೆ. ಹಂಚಿನ ಮನೆ, ಮೂರು ಕಡೆ ಅಡಿಕೆ ತೋಟ, ಒಂದು ಕಡೆ ಬೆಟ್ಟ. ಅಂಗಳದ ಮೂಲೆಯಲ್ಲಿ ಕಬ್ಬಿಣದ ಪೈಪು ನೆಟ್ಟು ಅದರ ತುದಿಗೆ ಒಂದು ಸೋಲಾರ್ ಪ್ಲೇಟು ಕೂರಿಸಿದ್ದಾರೆ. ಮಡಿಚಿಟ್ಟ ಕಂಬಳಿಯಷ್ಟೇ ಅಗಲ. ಹಾಕಿಸಿದ್ದು 2004ರಲ್ಲಿ.

ಪ್ಲೇಟನ್ನು ಮನೆ ಮೇಲೆ ಇಡದೆ ಅಂಗಳದಲ್ಲಿ ಯಾಕೆ ಇಟ್ಟಿರಿ ಅಂತ ಹೋದ ಸಲ ಕೇಳಿದೆವು. ಅಜ್ಜಿ ನಕ್ಕರು. "ಮಾಡಿನ ಮೇಲೆ ಹತ್ತಿದ್ರೆ ಹಂಚು ಒಡೆದು ಹೋಗ್ತು. ತೋಟದಲ್ಲಿ ಹಗಲೂ ಕತ್ತಲೆ. ಅಡಿಕೆ ಒಣಗ್ಸ ಅಂಗಳ ಬಿಟ್ರೆ ಬಿಸಿಲು ಎಲ್ಲಿದ್ದು ತಂಗೀ?"

ದುಡ್ಡು ಹೇಗೆ ಹೊಂದಿಸಿದಿರಿ ಅಂತಲೂ ಕೇಳಿದೆವು. ಬ್ಯಾಂಕಿನಲ್ಲಿ ಸಾಲ. ತಿಂಗಳ ಕಂತು ಆಗುವುದಿಲ್ಲ, ಅಡಿಕೆ ಮಾರಿದಾಗ ವರ್ಷಕ್ಕೊಮ್ಮೆ ಕಟ್ಟುತ್ತೇವೆ ಅಂತ ಅಜ್ಜ ಹಟ ಹಿಡಿದಿದ್ದರಂತೆ. ಮ್ಯಾನೇಜರ್ ಎರಡು ಸಲ ಆಗುವುದಿಲ್ಲ ಅಂದು, ಮೂರನೇ ಸಲ ಒಪ್ಪಿದರಂತೆ.

ಎಲ್ಲಿ ಇಡುವುದು, ದುಡ್ಡು ಹೇಗೆ ಹೊಂದಿಸುವುದು. ಇವತ್ತು ಸೋಲಾರ್ ಅಂದ ಕೂಡಲೇ ಎಲ್ಲರೂ ಕೇಳುವ ಈ ಎರಡು ಪ್ರಶ್ನೆಗೆ ನಮ್ಮ ರಾಜ್ಯದಲ್ಲೇ ಒಂದು ಚರಿತ್ರೆ ಇದೆ. ಅದನ್ನು ಹುಡುಕಿಕೊಂಡು ಹೋದಾಗ ನಮಗೆ ಕಂಡದ್ದು ಇಷ್ಟು: ಪ್ಲೇಟು ಯಾರ ಜಾಗದಲ್ಲಿ ಕೂರುತ್ತದೆ ಅನ್ನುವುದು ಇತ್ಯರ್ಥವಾದರೆ, ಲಾಭ ಯಾರ ಮನೆಗೆ ಹೋಗುತ್ತದೆ ಅನ್ನುವುದೂ ಹೆಚ್ಚುಕಡಿಮೆ ಅಲ್ಲೇ ಇತ್ಯರ್ಥವಾಗಿಬಿಡುತ್ತದೆ.

ಮೊದಲು ಆಕಾಶಕ್ಕೆ, ಆಮೇಲೆ ಸಮುದ್ರಕ್ಕೆ

1954ರ ಏಪ್ರಿಲ್ 25ರಂದು ಅಮೆರಿಕದ ಬೆಲ್ ಲ್ಯಾಬ್ಸ್ ಎಂಬ ಸಂಶೋಧನಾ ಸಂಸ್ಥೆ ಸಿಲಿಕಾನ್‌ನಿಂದ ಮಾಡಿದ ಸೋಲಾರ್ ಕೋಶವನ್ನು ಜನರ ಮುಂದೆ ಇಟ್ಟಿತು. ಅದರಿಂದ ಓಡಿಸಿ ತೋರಿಸಿದ್ದು ಒಂದು ಆಟಿಕೆ: ಜಾತ್ರೆಯಲ್ಲಿ ತಿರುಗುವ ತೊಟ್ಟಿಲು ಇರುತ್ತದಲ್ಲ, ಅಂಥದ್ದರ ಪುಟ್ಟ ಮಾದರಿ. ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಆರು ಪಾಲು ಮಾತ್ರ ಕರೆಂಟಾಗುತ್ತಿತ್ತು. ಬೆಲೆ ಕೇಳುವ ಹಾಗೆಯೇ ಇರಲಿಲ್ಲ.

ಅಷ್ಟು ದುಬಾರಿ ವಸ್ತುವನ್ನು ಯಾರು ಕೊಳ್ಳುತ್ತಾರೆ? ಬೇರೆ ದಾರಿಯೇ ಇಲ್ಲದವರು. 1958ರಲ್ಲಿ ವ್ಯಾನ್‌ಗಾರ್ಡ್-1 ಎಂಬ ಉಪಗ್ರಹಕ್ಕೆ ಸೋಲಾರ್ ಕೋಶ ಅಂಟಿಸಿ ಹಾರಿಸಿದರು. ಬಾಹ್ಯಾಕಾಶಕ್ಕೆ ವೈರ್ ಎಳೆಯಲು ಆಗುವುದಿಲ್ಲವಲ್ಲ. 1970ರ ದಶಕದಲ್ಲಿ ಎಲಿಯಟ್ ಬರ್ಮನ್ ಎಂಬ ವಿಜ್ಞಾನಿ ಒಂದು ವ್ಯಾಟಿಗೆ ನೂರು ಡಾಲರ್ ಇದ್ದ ಬೆಲೆಯನ್ನು ಇಪ್ಪತ್ತಕ್ಕೆ ಇಳಿಸಿದ. ಅವನಿಗೆ ಬಂಡವಾಳ ಹಾಕಿದ್ದು ಒಂದು ಎಣ್ಣೆ ಕಂಪನಿ, ಎಕ್ಸಾನ್. ಸಮುದ್ರದ ಮಧ್ಯೆ ಎಣ್ಣೆ ತೆಗೆಯುವ ಕಟ್ಟೆಗಳ ಮೇಲೆ ಎಚ್ಚರಿಕೆಯ ದೀಪ ಉರಿಸಬೇಕಿತ್ತು, ಅದಕ್ಕೆ. ಸೂರ್ಯನಿಂದ ಕರೆಂಟು ತೆಗೆಯುವ ವಿದ್ಯೆ ಬೆಳೆದದ್ದು ಎಣ್ಣೆ ದುಡ್ಡಿನಲ್ಲಿ ಅನ್ನುವುದು ಓದಿ ನಮಗೂ ನಗು ಬಂತು.

ನಮ್ಮ ದೇಶ ಇದರಲ್ಲಿ ತೀರಾ ಹಿಂದೆ ಬಿದ್ದಿರಲಿಲ್ಲ. ಉತ್ತರ ಪ್ರದೇಶದ ಸಾಹಿಬಾಬಾದ್‌ನಲ್ಲಿರುವ ಸರ್ಕಾರಿ ಸಂಸ್ಥೆ ಸೆಂಟ್ರಲ್ ಎಲೆಕ್ಟ್ರಾನಿಕ್ಸ್ 1977ರಲ್ಲಿ ಸೋಲಾರ್ ಕೋಶ, 1978ರಲ್ಲಿ ಪ್ಯಾನೆಲ್ ತಯಾರಿಸಿತು. ಬೆಂಗಳೂರಿನಲ್ಲೇ ಬಿಎಚ್‌ಇಎಲ್ ಇತ್ತು. 1989ರಲ್ಲಿ ಟಾಟಾ ಬಿಪಿ ಸೋಲಾರ್ ಶುರುವಾಯಿತು, ಅದೂ ಬೆಂಗಳೂರಿನಲ್ಲೇ. ಅಂದರೆ ಪ್ಲೇಟು ತಯಾರಾಗುವ ಊರು ನಮ್ಮ ರಾಜಧಾನಿಯೇ ಆಗಿತ್ತು. ಅಲ್ಲಿಂದ ಶಿರಸಿಯ ಅಂಗಳಕ್ಕೆ ಬರಲು ಮಾತ್ರ ಇನ್ನೂ ಹದಿನೈದು ವರ್ಷ ಬೇಕಾಯಿತು. ದಾರಿ ದೂರ ಅಂತ ಅಲ್ಲ, ಹಳ್ಳಿಯವರು ಅದನ್ನು ಕೊಳ್ಳಬಹುದು ಅಂತ ಬಹಳ ಜನಕ್ಕೆ ಅನ್ನಿಸಿರಲಿಲ್ಲ.

ಕಂಬ ಬಂದಿತ್ತು

ಕರ್ನಾಟಕಕ್ಕೆ ಕರೆಂಟು ಹೊಸದೇನಲ್ಲ. 1902ರಲ್ಲೇ ಶಿವನಸಮುದ್ರದ ನೀರಿನಿಂದ ತೆಗೆದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋಗುತ್ತಿತ್ತು. 1905ರಲ್ಲಿ ಬೆಂಗಳೂರಿನ ಬೀದಿಯಲ್ಲಿ ವಿದ್ಯುತ್ ದೀಪ ಹೊತ್ತಿತು. ಮೊದಲು ಗಣಿ, ಆಮೇಲೆ ಪೇಟೆ. ಕಂಬದ ಸಾಲು ಹಳ್ಳಿಗೆ ಹೊರಳಿದ್ದು ಬಹಳ ತಡವಾಗಿ. 1979-80ರಲ್ಲಿ ಬಂದ ಭಾಗ್ಯಜ್ಯೋತಿ ಯೋಜನೆಯಲ್ಲಿ ಬಡವರ ಮನೆಗೆ ಒಂದು ಬಲ್ಬು ಸಿಕ್ಕಿತು. ನಮ್ಮಲ್ಲಿ ಕೆಲವರು ಆ ಒಂದು ಬಲ್ಬಿನ ಕೆಳಗೆ ಓದಿದವರೇ.

ಹಳ್ಳಿಗೆ ವಿದ್ಯುತ್ ಬಂತು ಅಂತ ಸರ್ಕಾರಿ ಲೆಕ್ಕದಲ್ಲಿ ಬರೆಯುವ ರೀತಿಯೇ ವಿಚಿತ್ರ. 1997ರವರೆಗೂ ಊರಿನ ಎಲ್ಲೆಯೊಳಗೆ ಯಾವ ಕೆಲಸಕ್ಕಾದರೂ ಕರೆಂಟು ಬಳಕೆಯಾದರೆ ಸಾಕಿತ್ತು. ಗೌಡರ ಹೊಲದ ಪಂಪ್‌ಸೆಟ್ ಓಡಿದರೆ ಇಡೀ ಊರು ವಿದ್ಯುದೀಕರಣವಾದ ಹಾಗೆ! 2004ರಲ್ಲಿ ನಿಯಮ ಬಿಗಿ ಮಾಡಿದರು. ಆಗಲೂ ನೂರು ಮನೆಯಲ್ಲಿ ಹತ್ತಕ್ಕೆ ಕರೆಂಟಿದ್ದರೆ ಊರು ಲೆಕ್ಕಕ್ಕೆ ಸೇರುತ್ತಿತ್ತು.

ಬಯಲುಸೀಮೆಯಲ್ಲಿ ಮನೆಗಳು ಒತ್ತೊತ್ತಾಗಿರುತ್ತವೆ, ನಾಲ್ಕು ಕಂಬದಲ್ಲಿ ಊರು ಮುಗಿಯುತ್ತದೆ. ಮಲೆನಾಡು, ಕರಾವಳಿಯಲ್ಲಿ ಹಾಗಲ್ಲ. ಒಂದು ಮನೆಯಿಂದ ಇನ್ನೊಂದಕ್ಕೆ ಗದ್ದೆ, ಹಳ್ಳ, ಗುಡ್ಡ. ಒಂದು ಮನೆಗೋಸ್ಕರ ಹತ್ತು ಕಂಬ ನೆಡಬೇಕು. ನೆಟ್ಟರೂ ಮಳೆಗಾಲದಲ್ಲಿ ಮರ ಬಿದ್ದು ವಾರಗಟ್ಟಲೆ ಕತ್ತಲೆ. ಉಳಿದ ಕಡೆ 90ರ ದಶಕದ ಲೋಡ್ ಶೆಡ್ಡಿಂಗ್ ಯಾರಿಗೆ ನೆನಪಿಲ್ಲ? ಪರೀಕ್ಷೆ ಬಂದಾಗಲೇ ಕರೆಂಟು ಹೋಗುತ್ತಿತ್ತು. ಸೊಸೈಟಿಯಲ್ಲಿ ಸೀಮೆಎಣ್ಣೆಗೆ ಡಬ್ಬಿ ಸಾಲಿಟ್ಟು ಕಾಯುವುದು ನಮ್ಮ ಶನಿವಾರದ ಕೆಲಸ.

ದಿನಕ್ಕೆ ಹತ್ತು ರೂಪಾಯಿ

ಇಂಥ ಹೊತ್ತಿನಲ್ಲಿ, 1995ರಲ್ಲಿ, ಹರೀಶ್ ಹಂದೆ ಬೆಂಗಳೂರಿನಲ್ಲಿ ಸೆಲ್ಕೋ ಎಂಬ ಕಂಪನಿ ಶುರು ಮಾಡಿದರು. ಜೊತೆಗಿದ್ದದ್ದು ನೆವಿಲ್ ವಿಲಿಯಮ್ಸ್ ಎಂಬ ಅಮೆರಿಕದವರು. ಹಂದೆ ಅಮೆರಿಕದಲ್ಲಿ ಓದುತ್ತಿದ್ದಾಗ ಡೊಮಿನಿಕನ್ ರಿಪಬ್ಲಿಕ್ ಎಂಬ ಸಣ್ಣ ದೇಶಕ್ಕೆ ಹೋಗಿದ್ದರು. ಅಲ್ಲಿಯ ಬಡ ಹಳ್ಳಿಗರು ಸೋಲಾರ್ ದೀಪಕ್ಕೆ ದುಡ್ಡು ಕೊಟ್ಟು ಬಳಸುತ್ತಿದ್ದುದನ್ನು ಕಂಡು, ದೊಡ್ಡ ಸ್ಥಾವರದ ಮೇಲೆ ಮಾಡಬೇಕಿದ್ದ ಸಂಶೋಧನೆ ಬಿಟ್ಟು ಇದರ ಹಿಂದೆ ಬಿದ್ದರು. ಆಮೇಲೆ ಶ್ರೀಲಂಕಾದ ಹಳ್ಳಿಗಳಲ್ಲೂ ಇದ್ದು ಬಂದರು. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಪೇಪರಿನಲ್ಲಿ ಓದಿರುತ್ತೀರಿ.

ಮೊದಲ ಗಿರಾಕಿಗಳಲ್ಲಿ ಅಡಿಕೆ ಬೆಳೆಗಾರರು ಇದ್ದರು. ಅವರ ಕೈಯಲ್ಲಿ ವರ್ಷಕ್ಕೊಮ್ಮೆಯಾದರೂ ಒಟ್ಟಿಗೆ ಹಣ ಬರುತ್ತಿತ್ತು, ಕಂಬ ಮಾತ್ರ ಬರುತ್ತಿರಲಿಲ್ಲ. ಕೂಲಿಯವರಿಗೆ, ತಳ್ಳುಗಾಡಿಯವರಿಗೆ ಹೇಗೆ ಮುಟ್ಟಿಸುವುದು ಅನ್ನುವುದೇ ಕಷ್ಟದ ಪ್ರಶ್ನೆ. ಹಂದೆ ತಮ್ಮ ಭಾಷಣಗಳಲ್ಲಿ ಮತ್ತೆ ಮತ್ತೆ ಹೇಳುವ ಒಂದು ಪ್ರಸಂಗ ಇದೆ. ಬೀದಿ ಬದಿ ವ್ಯಾಪಾರ ಮಾಡುವ ಹೆಂಗಸೊಬ್ಬರಿಗೆ ತಿಂಗಳಿಗೆ 300 ರೂಪಾಯಿ ಅಂದರೆ ತೀರಾ ದುಬಾರಿ. ದಿನಕ್ಕೆ 10 ರೂಪಾಯಿ ಆದರೆ ಅಡ್ಡಿಯಿಲ್ಲ ಅಂದರಂತೆ.

ಲೆಕ್ಕ ಎರಡೂ ಒಂದೇ ಅಲ್ಲವೇ ಅಂತ ಸಂಬಳದವರಿಗೆ ಅನ್ನಿಸಬಹುದು. ದಿನಾ ದುಡಿದು ದಿನಾ ಅಕ್ಕಿ ತರುವ ಮನೆಯಲ್ಲಿ ಬೆಳೆದವರಿಗೆ ಅದು ಒಂದೇ ಅಲ್ಲ ಅಂತ ಗೊತ್ತು. 300 ರೂಪಾಯಿ ಒಟ್ಟಿಗೆ ಮನೆಯಲ್ಲಿ ಉಳಿಯುವುದೇ ಇಲ್ಲ. ಸಂಜೆಯ ಹತ್ತು ರೂಪಾಯಿ ಉಳಿಯುತ್ತದೆ, ಅದೂ ಯಾರಾದರೂ ಆವತ್ತೇ ಬಂದು ತೆಗೆದುಕೊಂಡು ಹೋದರೆ.

ಈ ಬುದ್ಧಿ ಕರಾವಳಿಯಲ್ಲಿ ಅದಕ್ಕೂ ಎಪ್ಪತ್ತು ವರ್ಷ ಮೊದಲೇ ಇತ್ತು. 1925ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಸೇರಿ ಕಟ್ಟಿದ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು, 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ಏಜೆಂಟ್ ಮನೆಬಾಗಿಲಿಗೆ, ಅಂಗಡಿಗೆ ಬಂದು ದಿನಕ್ಕೆ ಎರಡಾಣೆ ಸಂಗ್ರಹಿಸುವುದು. ನೇಕಾರರು, ಮೀನು ಮಾರುವವರು, ಹೂವಿನವರು ಬ್ಯಾಂಕಿನ ಮೆಟ್ಟಿಲು ಹತ್ತದೆಯೇ ಗಿರಾಕಿಗಳಾದರು. ಪಿಗ್ಮಿಯಲ್ಲಿ ಚಿಲ್ಲರೆ ಕೂಡಿಸಿ ಕೊನೆಗೆ ಗಂಟು ಪಡೆಯುತ್ತೀರಿ. ಸೋಲಾರ್ ಸಾಲ ಅಂದರೆ ಅದೇ ಪಿಗ್ಮಿಯನ್ನು ಹಿಂದುಮುಂದು ಮಾಡಿದ್ದು: ಗಂಟು ಮೊದಲೇ ದೀಪದ ರೂಪದಲ್ಲಿ ಮನೆಗೆ ಬರುತ್ತದೆ, ಚಿಲ್ಲರೆ ಆಮೇಲೆ ಹೋಗುತ್ತದೆ. ಮನೆ ದೀಪಕ್ಕೆ ಮೊದಮೊದಲು ಸಾಲ ಕೊಟ್ಟ ಬ್ಯಾಂಕುಗಳಲ್ಲಿ ಈ ಸಿಂಡಿಕೇಟ್ ಬ್ಯಾಂಕೂ, ಅದರ ಆಸರೆಯಲ್ಲಿ ಧಾರವಾಡದ ಕಡೆ ಇದ್ದ ಮಲಪ್ರಭಾ ಗ್ರಾಮೀಣ ಬ್ಯಾಂಕೂ ಇದ್ದದ್ದು ಸುಮ್ಮನೆ ಅಲ್ಲ ಅನ್ನಿಸುತ್ತದೆ.

ಸಾಲ ಕೇಳಲು ಹೋದರೆ ಮ್ಯಾನೇಜರ್‌ಗಳಿಗೆ ಇದ್ದ ಅನುಮಾನವೂ ಸುಳ್ಳಲ್ಲ. ಎಮ್ಮೆಗೆ ಸಾಲ ಕೊಟ್ಟರೆ ಹಾಲು ಬರುತ್ತದೆ, ಹೊಲಿಗೆ ಯಂತ್ರಕ್ಕೆ ಕೊಟ್ಟರೆ ರವಿಕೆ ಹೊಲಿದ ಕೂಲಿ ಬರುತ್ತದೆ. ದೀಪಕ್ಕೆ ಕೊಟ್ಟರೆ ಏನು ಬರುತ್ತದೆ? ಬೀಡಿ ಕಟ್ಟುವವರು ಸಂಜೆ ಮತ್ತೆರಡು ಕಟ್ಟು ಕಟ್ಟುತ್ತಾರೆ, ಮಲ್ಲಿಗೆ ನೇಯುವವರು ಬೆಳಗಿನ ಜಾವವೇ ಕೂರುತ್ತಾರೆ, ಸೀಮೆಎಣ್ಣೆ ಉಳಿಯುತ್ತದೆ ಅಂತ ಕೂತು ಲೆಕ್ಕ ಹಾಕಿ ತೋರಿಸಬೇಕಿತ್ತು. ಮಣಿಪಾಲದ ಭಾರತೀಯ ವಿಕಾಸ ಟ್ರಸ್ಟ್ ಇದಕ್ಕಾಗಿಯೇ ಬ್ಯಾಂಕಿನವರಿಗೆ ತರಬೇತಿ ಕೊಟ್ಟಿತು. ಸೋಲಾರ್ ಚರಿತ್ರೆಯಲ್ಲಿ ವಿಜ್ಞಾನಿಗಳ ಹೆಸರು ಬರುತ್ತದೆ. ಶಾಖೆಯಲ್ಲಿ ಕೂತು ವರ್ಷದ ಕಂತಿಗೆ ಸಹಿ ಹಾಕಿದ ಮ್ಯಾನೇಜರ್ ಹೆಸರು ಎಲ್ಲೂ ಬರುವುದಿಲ್ಲ.

2003ರಲ್ಲಿ ವಿಶ್ವಸಂಸ್ಥೆಯ ಪರಿಸರ ವಿಭಾಗ ಕರ್ನಾಟಕ ಮತ್ತು ಕೇರಳದ ಒಂದು ಭಾಗದಲ್ಲಿ ಸೋಲಾರ್ ಸಾಲದ ಕಾರ್ಯಕ್ರಮ ತಂದಿತು. ಕೆನರಾ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್ ಮತ್ತು ಗ್ರಾಮೀಣ ಬ್ಯಾಂಕುಗಳ ಮೂಲಕ. ಶೇ. 12ರ ಆಸುಪಾಸಿನಲ್ಲಿದ್ದ ಬಡ್ಡಿ ಮೊದಲಿಗೆ ಶೇ. 5ಕ್ಕೆ ಇಳಿಯಿತು, ನಂತರ ನಿಧಾನಕ್ಕೆ ಮತ್ತೆ ಮೇಲೆ ಬಂತು. ಮೂರ್ನಾಲ್ಕು ವರ್ಷದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಶಾಖೆಗಳು ಸೇರಿ ಸುಮಾರು 20 ಸಾವಿರ ಮನೆಗೆ ಸಾಲ ಕೊಟ್ಟವು. ನಮ್ಮ ಗೆಳತಿಯ ಅಜ್ಜಿಮನೆಯ ಪ್ಲೇಟೂ ಅದೇ ಕಾಲದ್ದು.

ಬಡ್ಡಿ ಇಳಿದದ್ದರಿಂದ ಎಷ್ಟು ಉಳಿಯಿತು ಅಂತ ನಾವೇ ಲೆಕ್ಕ ಹಾಕಿ ನೋಡಿದೆವು. ನಾಲ್ಕು ದೀಪದ ಒಂದು ಸೆಟ್ಟು 17 ಸಾವಿರ ಅಂತ ಇಟ್ಟುಕೊಳ್ಳಿ. ನೂರಕ್ಕೆ ಹದಿನೈದರಂತೆ 2,550 ರೂಪಾಯಿ ಮುಂಗಡ ಕಟ್ಟಿದರೆ ಸಾಲ 14,450. ಐದು ವರ್ಷದ ಅವಧಿ. ಶೇ. 12 ಬಡ್ಡಿಗೆ ತಿಂಗಳ ಕಂತು ಸುಮಾರು 321 ರೂಪಾಯಿ. ಶೇ. 5 ಆದರೆ ಸುಮಾರು 273. ವ್ಯತ್ಯಾಸ 50 ರೂಪಾಯಿಯೂ ಇಲ್ಲ! ದೊಡ್ಡ ವ್ಯತ್ಯಾಸ ಇರುವುದು 17 ಸಾವಿರ ಒಟ್ಟಿಗೆ ಕೊಡುವುದಕ್ಕೂ 321 ರೂಪಾಯಿ ಕೊಡುವುದಕ್ಕೂ ನಡುವೆ. ಬಡ್ಡಿ ಕಡಿತದ ಕೆಲಸ ಏನಿದ್ದರೂ ಜನರನ್ನೂ ಮ್ಯಾನೇಜರನ್ನೂ ಒಂದೇ ಮೇಜಿಗೆ ಕರೆತಂದದ್ದು. ಬಡವರನ್ನು ಹೊರಗೆ ನಿಲ್ಲಿಸಿದ್ದು ಬಡ್ಡಿಗಿಂತ ಹೆಚ್ಚಾಗಿ ಆ ಮುಂಗಡದ 2,550.

ಯಾವ ಕೋಣೆಗೆ, ಯಾರ ಸೂರಿಗೆ

ನಾಲ್ಕು ದೀಪದ ಸೆಟ್ಟು ಬಂದಾಗ ಮನೆಯೊಳಗೆ ಒಂದು ಸಣ್ಣ ಜಗಳ ಆಗುತ್ತಿತ್ತು. ದೀಪ ಎಲ್ಲೆಲ್ಲಿ? ಗಂಡಸರು ಜಗುಲಿ ಅನ್ನುತ್ತಿದ್ದರು, ಹೆಂಗಸರು ಅಡುಗೆಮನೆ ಅನ್ನುತ್ತಿದ್ದರು, ಮುದುಕರು ದನದ ಕೊಟ್ಟಿಗೆ ಅನ್ನುತ್ತಿದ್ದರು. ಅಜ್ಜಿಮನೆಯಲ್ಲಿ ಅಡುಗೆಮನೆ ಗೆದ್ದಿತು. ಅಡುಗೆಮನೆಗೂ ಬಚ್ಚಲಿಗೂ ನಡುವಿನ ಗೋಡೆಯಲ್ಲಿ ಒಂದು ಕಿಂಡಿ ಕೊರೆದು ಒಂದೇ ಬಲ್ಬು ಎರಡಕ್ಕೂ ಬೆಳಕು ಕೊಡುವಂತೆ ಮಾಡಿದ್ದಾರೆ. ಆ ಕಿಂಡಿಯ ಐಡಿಯಾ ಅಜ್ಜಿಯದೇ, ಅದನ್ನು ಹೇಳುವಾಗ ಅವರ ಮುಖ ನೋಡಬೇಕು.

ಪ್ಲೇಟಿಗೆ ಜಾಗ ಆರಿಸುವುದೂ ಸುಲಭವಲ್ಲ. ಸೂರ್ಯ ನಮಗೆ ವರ್ಷದ ಹೆಚ್ಚು ಕಾಲ ತುಸು ದಕ್ಷಿಣಕ್ಕೆ ವಾಲಿಕೊಂಡೇ ಹೋಗುವುದರಿಂದ ಪ್ಲೇಟು ದಕ್ಷಿಣಕ್ಕೆ ಮುಖ ಮಾಡಿ ಸ್ವಲ್ಪ ಓರೆಯಾಗಿರಬೇಕು. ಕೋಶಗಳನ್ನು ಹೂಮಾಲೆಯ ಹಾಗೆ ಒಂದಕ್ಕೊಂದು ಪೋಣಿಸಿರುತ್ತಾರೆ. ಒಂದು ಕೋಶದ ಮೇಲೆ ತೆಂಗಿನ ಗರಿಯ ನೆರಳು ಬಿದ್ದರೂ ಇಡೀ ಮಾಲೆಯ ಕರೆಂಟು ಕುಗ್ಗುತ್ತದೆ. ಹಾಕಿಸಿದ ವರ್ಷ ಇಲ್ಲದ ನೆರಳು ಹತ್ತು ವರ್ಷದ ನಂತರ ಬರುತ್ತದೆ, ಗಿಡ ಮರವಾಗಿರುತ್ತದೆ. ಉತ್ತರ ಕರ್ನಾಟಕದಲ್ಲಿ ನೆರಳಿನ ಕಾಟ ಕಡಿಮೆ, ಧೂಳಿನ ಕಾಟ ಹೆಚ್ಚು. ಮಣ್ಣಿನ ಮಾಳಿಗೆ ಮೇಲೆ ಇಡುವುದು ಸುಲಭ, ಒರೆಸುವುದು ಯಾರು ಅನ್ನುವುದೇ ಪ್ರಶ್ನೆ.

ಸೂರೇ ಇಲ್ಲದವರಿಗೆ? ಇಲ್ಲಿ ಕೆಲವು ಒಳ್ಳೆಯ ಉಪಾಯಗಳು ಹುಟ್ಟಿದವು. ತಳ್ಳುಗಾಡಿಯವರಿಗೆ ಪ್ಲೇಟು ಮಾರುವ ಬದಲು, ಒಬ್ಬರ ಮನೆಯ ಮೇಲೆ ಪ್ಲೇಟು ಹಾಕಿ, ಅಲ್ಲಿ ಬ್ಯಾಟರಿ ಚಾರ್ಜ್ ಮಾಡಿ, ಸಂಜೆ ಗಾಡಿಗಳಿಗೆ ಬಾಡಿಗೆಗೆ ಕೊಡುವುದು. ರಾತ್ರಿ ಮುಗಿದ ಮೇಲೆ ಬ್ಯಾಟರಿ ವಾಪಸ್, ದಿನದ ಬಾಡಿಗೆ ಕೈಗೆ. ಇನ್ನೊಂದು ನಮಗೆ ತುಂಬ ಹಿಡಿಸಿದ್ದು ಶಾಲೆಯದು. ಪ್ಲೇಟು ಶಾಲೆಯ ಮೇಲೆ ಇರುತ್ತದೆ. ಮಕ್ಕಳು ಪಾಟಿಚೀಲದಲ್ಲಿ ಪುಟ್ಟ ಬ್ಯಾಟರಿ ತಂದು ಬೆಳಗ್ಗೆ ಚಾರ್ಜಿಗೆ ಹಾಕಿ, ಸಂಜೆ ಮನೆಗೆ ಒಯ್ಯುತ್ತಾರೆ. ಶಾಲೆ ತಪ್ಪಿಸಿದ ದಿನ ಮನೆಯಲ್ಲಿ ದೀಪ ಇಲ್ಲ. ತಾಯಂದಿರೇ ಹೊಡೆದು ಶಾಲೆಗೆ ಕಳಿಸುವಂತಾಯಿತು!

ಸಬ್ಸಿಡಿ ಬರುತ್ತದೆ, ತಡೆಯಿರಿ

2010ರ ಜನವರಿಯಲ್ಲಿ ಕೇಂದ್ರ ಸರ್ಕಾರ ಜವಾಹರಲಾಲ್ ನೆಹರೂ ಸೋಲಾರ್ ಮಿಷನ್ ಆರಂಭಿಸಿತು. ನಬಾರ್ಡ್ ಮೂಲಕ ಮನೆ ದೀಪಕ್ಕೂ ಸಹಾಯಧನ ಬಂತು. ಒಳ್ಳೆಯದೇ. ಆದರೆ ಸಹಾಯಧನದ ಸುದ್ದಿ ಬಂದ ದಿನದಿಂದ ಜನ ಕೊಳ್ಳುವುದನ್ನು ನಿಲ್ಲಿಸಿ ಕಾಯತೊಡಗಿದರು. ನಮ್ಮಲ್ಲೊಬ್ಬರ ಮನೆಯಲ್ಲಿ ಹೀಗೇ ಎರಡು ವರ್ಷ ಕಾದರು. ಪ್ರತಿ ಸಲ ಬ್ಯಾಂಕಿಗೆ ಹೋದಾಗಲೂ ಹಣ ಇನ್ನೂ ಬಿಡುಗಡೆ ಆಗಿಲ್ಲ ಅನ್ನುವ ಉತ್ತರ. ಕೊನೆಗೆ ಬಂದ ಸೆಟ್ಟಿನ ಬ್ಯಾಟರಿ ಒಂದೂವರೆ ವರ್ಷಕ್ಕೆ ಉಬ್ಬಿತು. ಮಾರಿದವರ ಫೋನ್ ಸ್ವಿಚ್ ಆಫ್. ಪ್ಲೇಟು ಮಾತ್ರ ಇಪ್ಪತ್ತೈದು ವರ್ಷ ಬಾಳುವಂಥದ್ದು, ಮನೆಯ ಮೇಲೆ ಸುಮ್ಮನೆ ಹೊಳೆಯುತ್ತ ಕೂತಿತ್ತು.

ಬ್ಯಾಟರಿ ಅನ್ನುವುದು ಎತ್ತಿನ ಹಾಗೆ, ಮೇವು ನೀರು ನೋಡಿಕೊಳ್ಳಬೇಕು. ತಿಂಗಳಿಗೊಮ್ಮೆ ಬ್ಯಾಟರಿ ನೀರು ಎಷ್ಟಿದೆ ನೋಡುವುದು, ಟರ್ಮಿನಲ್‌ನ ಬಿಳಿ ಪುಡಿ ಒರೆಸುವುದು. ಅಜ್ಜಿಮನೆಯಲ್ಲಿ ಈವರೆಗೆ ಮೂರು ಬ್ಯಾಟರಿ ಬದಲಾಗಿವೆ. ಮೂರು ಬ್ಯಾಟರಿಗೆ ಕೊಟ್ಟ ಹಣ ಕೂಡಿಸಿದರೆ ಇಡೀ ಸೆಟ್ಟಿನ ಮೊದಲ ಬೆಲೆಯ ಹತ್ತಿರ ಬರುತ್ತದೆ. ಸಾಲದ ಕಾಗದದಲ್ಲಿ ಈ ಖರ್ಚು ಎಲ್ಲೂ ಇರಲಿಲ್ಲ.

ಪ್ಲೇಟು ಹೊಲಕ್ಕೆ ಇಳಿಯಿತು

ಅಷ್ಟರಲ್ಲಿ ಬೆಲೆ ಕುಸಿಯುತ್ತಿತ್ತು. ಜರ್ಮನಿ ಸೋಲಾರ್ ಕರೆಂಟಿಗೆ ಒಳ್ಳೆಯ ದರ ಕೊಟ್ಟು ಬೇಡಿಕೆ ಹುಟ್ಟಿಸಿತು, ಚೀನಾ ಲೆಕ್ಕವಿಲ್ಲದಷ್ಟು ಕಾರ್ಖಾನೆ ಕಟ್ಟಿತು. 2010-11ರಲ್ಲಿ ನಮ್ಮ ದೇಶದ ವಿದ್ಯುತ್ ನಿಯಂತ್ರಣ ಆಯೋಗ ಒಂದು ಯೂನಿಟ್ ಸೋಲಾರ್ ಕರೆಂಟಿಗೆ ನಿಗದಿ ಮಾಡಿದ ದರ 17.91 ರೂಪಾಯಿ. 2017ರ ಮೇ ತಿಂಗಳಲ್ಲಿ ರಾಜಸ್ಥಾನದ ಭಡ್ಲಾದಲ್ಲಿ ಹರಾಜು ನಿಂತದ್ದು 2.44 ರೂಪಾಯಿಗೆ. ಏಳು ವರ್ಷದಲ್ಲಿ ಏಳನೇ ಒಂದು ಭಾಗ!

ಇಷ್ಟು ಅಗ್ಗವಾದ ಮೇಲೆ ಕಂಪನಿಗಳಿಗೆ ಸೂರು ಸಾಲಲಿಲ್ಲ, ಜಮೀನು ಬೇಕಾಯಿತು. ಕರ್ನಾಟಕದಲ್ಲಿ ಕೋಲಾರ ಜಿಲ್ಲೆಯ ಯಳೇಸಂದ್ರದ 3 ಮೆಗಾವ್ಯಾಟ್ ಘಟಕ ದೊಡ್ಡ ಸುದ್ದಿಯಾದದ್ದು 2010ರಲ್ಲಿ. ಎಂಟು ವರ್ಷ ಕಳೆಯುವುದರೊಳಗೆ ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸೋಲಾರ್ ಪಾರ್ಕಿನ ಮೊದಲ ಹಂತ ಉದ್ಘಾಟನೆಯಾಯಿತು. ತಿರುಮಣಿ, ವಳ್ಳೂರು ಸೇರಿ ಐದು ಹಳ್ಳಿಗಳ 13 ಸಾವಿರ ಎಕರೆ, 2,050 ಮೆಗಾವ್ಯಾಟ್.

ಪಾವಗಡದಲ್ಲಿ ಮಾಡಿದ ಒಂದು ಹೊಸ ಕೆಲಸ ಅಂದರೆ ಜಮೀನನ್ನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ, 28 ವರ್ಷದ ಕರಾರು. ಪಾವಗಡ ಅಂದರೆ ಬರ, ಬರ ಅಂದರೆ ಪಾವಗಡ ಅನ್ನುವಂತಿದ್ದ ಸೀಮೆ. ಶೇಂಗಾ ಬಿತ್ತಿ ಬೀಜವೂ ವಾಪಸ್ ಬಾರದ ವರ್ಷಗಳೇ ಹೆಚ್ಚು. ಐದು ಎಕರೆ ಇದ್ದವರಿಗೆ ವರ್ಷಕ್ಕೆ 1 ಲಕ್ಷದ 5 ಸಾವಿರ, ಮಳೆ ಬರಲಿ ಬಿಡಲಿ. ಭೂಮಿ ಕಳೆದುಕೊಳ್ಳದೆ ಆದಾಯ ಬರುವ ಈ ಏರ್ಪಾಡನ್ನು ನಾವು ಹಗುರ ಮಾಡಿ ಮಾತಾಡುವುದಿಲ್ಲ.

ಆದರೆ ಗುತ್ತಿಗೆ ಹಣ ಹೋಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಆ ಹೊಲಗಳಲ್ಲಿ ಕಳೆ ಕೀಳುತ್ತಿದ್ದವರ, ಶೇಂಗಾ ಬಿಡಿಸುತ್ತಿದ್ದವರ ಹೆಸರು ಪಹಣಿಯಲ್ಲಿ ಇರುವುದಿಲ್ಲ. ಕುರಿಯವರಿಗೆ ಬೇಲಿ ಬಂತು, ಮೇವು ಹೋಯಿತು. ಸರ್ಕಾರಿ ಜಮೀನನ್ನು ತಲೆತಲಾಂತರದಿಂದ ಉಳುತ್ತಿದ್ದು ಕಾಗದವಾಗದವರಿಗೆ ಏನೂ ಸಿಗಲಿಲ್ಲ. ಪಾರ್ಕಿನೊಳಗೆ ಹುಲ್ಲು ಕತ್ತರಿಸುವ, ಪ್ಲೇಟು ತೊಳೆಯುವ, ಕಾವಲು ಕಾಯುವ ಕೆಲಸ ಕೆಲವರಿಗೆ ಸಿಕ್ಕಿತು, ಎಲ್ಲರಿಗೂ ಅಲ್ಲ.

ಇದಕ್ಕಿಂತ ಬೇರೆ ರೀತಿಯಲ್ಲೂ ಹೊಲದಲ್ಲಿ ಪ್ಲೇಟು ಇಡಬಹುದು ಅಂತ ಕನಕಪುರ ತಾಲ್ಲೂಕಿನ ಹಾರೋಬೆಲೆ ಕಡೆ ಒಮ್ಮೆ ಮಾಡಿ ನೋಡಿದರು. 2014ರ ಸೂರ್ಯ ರೈತ ಯೋಜನೆ. ರೈತನ ಬೋರ್‌ವೆಲ್ ಪಕ್ಕದಲ್ಲೇ ಪ್ಲೇಟು. ಪಂಪಿಗೆ ಬೇಕಾದಷ್ಟು ಬಳಸಿ, ಉಳಿದ ಕರೆಂಟನ್ನು ಬೆಸ್ಕಾಂಗೆ ಮಾರುವುದು. ಮಾರಿದ ಹಣದ ದೊಡ್ಡ ಪಾಲು ಸಾಲಕ್ಕೆ ಜಮಾ, ಸಣ್ಣ ಪಾಲು ರೈತನ ಕೈಗೆ. ರೈತ ಬೆಳೆಯ ಜೊತೆ ಬಿಸಿಲನ್ನೂ ಮಾರುವ ಏರ್ಪಾಡು. ಆದರೆ ಅದು ರಾಜ್ಯದ ತುಂಬ ಹರಡಲಿಲ್ಲ. ಅದೇ ಹೊತ್ತಿಗೆ ಸೂರಿನ ಸೋಲಾರ್‌ಗೆ ಯೂನಿಟ್ಟಿಗೆ 9.56 ರೂಪಾಯಿ ಕೊಡುವ ದರ ಇತ್ತು. ಆ ದರ ನೋಡಿ ಕೋಳಿ ಇಲ್ಲದ ಕೋಳಿ ಫಾರಂ ಶೆಡ್ಡುಗಳು ಎದ್ದವು. 2016ರಲ್ಲಿ ದರ ಇಳಿಸಿದರು, ಶೆಡ್ಡು ಕಟ್ಟುವ ಉತ್ಸಾಹವೂ ಇಳಿಯಿತು.

ಈಗಿನ ಲೆಕ್ಕ

2024ರ ಫೆಬ್ರವರಿಯಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯ ಬಗ್ಗೆ ಎಲ್ಲರ ಫೋನಿಗೂ ಮೆಸೇಜು ಬಂದಿದೆ. ಎರಡು ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟಿಗೆ 30 ಸಾವಿರ, ಮೂರನೆಯದಕ್ಕೆ 18 ಸಾವಿರ, ಅಲ್ಲಿಗೆ ಹೆಚ್ಚೆಂದರೆ 78 ಸಾವಿರ ಸಹಾಯಧನ. ಒಂದು ಕಿಲೋವ್ಯಾಟಿಗೆ ಸುಮಾರು 100 ಚದರ ಅಡಿ ನೆರಳಿಲ್ಲದ ಜಾಗ ಬೇಕು. ಒಳ್ಳೆಯ ಬಿಸಿಲಿದ್ದರೆ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಬರುತ್ತದೆ.

ಇಲ್ಲೂ ಹಳೆಯ ಎರಡು ಪ್ರಶ್ನೆಗಳೇ. ಜಾಗ: ಆರ್‌ಸಿಸಿ ತಾರಸಿ ಇದ್ದವರಿಗೆ ಸಲೀಸು. ಹಂಚಿನ ಮನೆಗೆ, ಶೀಟಿನ ಮನೆಗೆ ಕಬ್ಬಿಣದ ಚೌಕಟ್ಟು ಬೇರೆ ಕಟ್ಟಬೇಕು, ಆ ಖರ್ಚು ಮೇಲಿನದು. ಬಾಡಿಗೆ ಮನೆಯವರಿಗೆ, ಅಣ್ಣತಮ್ಮಂದಿರ ಪಾಲಾಗದ ಮನೆಯವರಿಗೆ ಸೂರಿನ ಮೇಲೆ ಹಕ್ಕು ತೋರಿಸುವುದೇ ತಲೆನೋವು. ದುಡ್ಡು: ಸಹಾಯಧನ ಬರುವುದು ಕೆಲಸ ಮುಗಿದು, ಮೀಟರ್ ಕೂತ ಮೇಲೆ, ನಿಮ್ಮ ಖಾತೆಗೆ. ಅಂದರೆ ಅಲ್ಲಿಯವರೆಗೆ ಪೂರ್ತಿ ಹಣ ನೀವೇ ಹೊಂದಿಸಬೇಕು. ಅಡಮಾನವಿಲ್ಲದ ಬ್ಯಾಂಕ್ ಸಾಲ ಇದೆ. ಮತ್ತದೇ ಮ್ಯಾನೇಜರ್, ಮತ್ತದೇ ಮೇಜು.

ನಮ್ಮ ರಾಜ್ಯದಲ್ಲಿ ಇನ್ನೂ ಒಂದು ಗಂಟು ಇದೆ. 2023ರಿಂದ ಗೃಹಜ್ಯೋತಿ ಬಂದಿದೆ. ಶುರುವಾದಾಗಿನ ನಿಯಮದಂತೆ 2022-23ರ ಸರಾಸರಿ ಬಳಕೆಗೆ ಶೇ. 10 ಸೇರಿಸಿ, 200 ಯೂನಿಟ್ ಮೀರದಂತೆ ಉಚಿತ. ತಿಂಗಳಿಗೆ 60 ಯೂನಿಟ್ ಬಳಸಿ ಸೊನ್ನೆ ಬಿಲ್ ಬರುವ ಮನೆಗೆ ಸೋಲಾರ್ ಹಾಕಿದರೆ ಉಳಿಯುವುದು ಏನು? ಬಿಲ್ಲಿನಲ್ಲಿ ಏನೂ ಇಲ್ಲ. ಆದ್ದರಿಂದ ಈ ಸಹಾಯಧನ ಲೆಕ್ಕಕ್ಕೆ ಸರಿ ಹೊಂದುವುದು ದೊಡ್ಡ ಬಿಲ್ಲು, ದೊಡ್ಡ ತಾರಸಿ ಎರಡೂ ಇರುವ ಮನೆಗೆ. ಸಣ್ಣ ಮನೆಯವರು ಏಜೆಂಟ್ ಮಾತು ಕೇಳಿ ಸಾಲ ಮಾಡುವ ಮೊದಲು ಕಳೆದ ಹನ್ನೆರಡು ತಿಂಗಳ ಬಿಲ್ಲು ಮುಂದಿಟ್ಟುಕೊಂಡು ಕೂರಬೇಕು ಅಂತ ನಮ್ಮ ಅನಿಸಿಕೆ. ಹಿಂದೆ ಶಾಲೆಯ ಸೂರಿನ ಮೇಲೆ ಮಾಡಿದಂತೆ ಪಂಚಾಯಿತಿ ಕಟ್ಟಡ, ಅಂಗನವಾಡಿ, ಹಾಲಿನ ಡೇರಿಯ ಸೂರು ಬಳಸಿದರೆ ಸಣ್ಣ ಮನೆಗಳಿಗೂ ಪಾಲು ಸಿಗಬಹುದು. ಮುಂದಿನ ಗ್ರಾಮಸಭೆಯಲ್ಲಿ ಕೇಳಬೇಕಾದ ಪ್ರಶ್ನೆ ಇದು.

ಏಜೆಂಟರು ಸಾಮಾನ್ಯವಾಗಿ ಬಾಯಿ ಬಿಡದ ಇನ್ನೊಂದು ಸಂಗತಿ ನಮಗೆ ಗೊತ್ತಾದದ್ದು ಅಜ್ಜಿಮನೆಯಲ್ಲೇ. ಪಕ್ಕದ ಮನೆಯವರು ಕಳೆದ ವರ್ಷ ತಾರಸಿ ಮೇಲೆ ಮೂರು ಕಿಲೋವ್ಯಾಟ್ ಹಾಕಿಸಿದ್ದಾರೆ. ಬ್ಯಾಟರಿ ಇಲ್ಲ, ನೇರವಾಗಿ ಲೈನಿಗೆ ಜೋಡಿಸಿದ್ದು. ಇಂಥ ವ್ಯವಸ್ಥೆ ಲೈನಿನಲ್ಲಿ ಕರೆಂಟು ಹೋದ ಕೂಡಲೇ ತಾನೂ ನಿಂತುಬಿಡುತ್ತದೆ. ಕಂಬ ಹತ್ತಿ ರಿಪೇರಿ ಮಾಡುವ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದು ಅಂತ ಹಾಗೆ ಮಾಡಿರುತ್ತಾರೆ, ಅದು ಸರಿಯೇ. ಮಟಮಟ ಮಧ್ಯಾಹ್ನ ಬಿಸಿಲಿದ್ದರೂ ಲೈನ್ ಇಲ್ಲದಿದ್ದರೆ ಫ್ಯಾನು ತಿರುಗುವುದಿಲ್ಲ.

ಜೂನಿನ ಮಳೆಗೆ ಆ ಊರಿನಲ್ಲಿ ಮರ ಬಿದ್ದು ನಾಲ್ಕು ದಿನ ಕರೆಂಟು ಇರಲಿಲ್ಲ. ನಾವು ಹೋದಾಗ ಸಂಜೆ ಏಳು ಗಂಟೆ. ಪಕ್ಕದ ಮನೆಯಲ್ಲಿ ಮೇಣದಬತ್ತಿ. ಅಜ್ಜಿಯ ಅಡುಗೆಮನೆಯಲ್ಲಿ ಬಲ್ಬು ಉರಿಯುತ್ತಿತ್ತು, ಮೋಡದ ಚಾರ್ಜಿಗೆ ಅದೂ ಎರಡು ತಾಸು ಮಾತ್ರ. ಕಿಂಡಿಯಿಂದ ಬಚ್ಚಲಿಗೆ ಬೆಳಕು ಬೀಳುತ್ತಿತ್ತು. ಪಕ್ಕದ ಮನೆಯ ಹುಡುಗಿ ಲೆಕ್ಕದ ಪುಸ್ತಕ ಹಿಡಿದು ಒಲೆಯ ಪಕ್ಕ ಕೂತಿದ್ದಳು. "ಎಂಟೂವರೆ ಒಳಗೆ ಮುಗಸು, ಆಮೇಲೆ ಆರಿ ಹೋಗ್ತು" ಅಂತ ಅಜ್ಜಿ ಅವಳಿಗೆ ಹೇಳುತ್ತ ನಮಗೆ ಚಹಾ ಇಟ್ಟರು.